ಅಜ್ಜನ ಕಾಗದ ಮೊಮ್ಮಗನಿಗೆ ಓದೋಕೆ ಬರಲ್ಲ!



ಅಜರ್‌ಬೈಜಾನ್. ಈ ಹೆಸರು ನಮ್ಮ ಸ್ಕ್ರೀನ್ ಮೇಲೆ ಯಾವಾಗ ಬರುತ್ತೆ ಹೇಳಿ? 2020ರಲ್ಲಿ ಬಂತು. ಕರಾಬಾಖ್‌ಗಾಗಿ ಆರ್ಮೇನಿಯಾ ಜೊತೆ 44 ದಿನ ಯುದ್ಧ. ಡ್ರೋನ್ ದೃಶ್ಯಗಳು ಹಗಲೂ ರಾತ್ರಿ ಓಡಿದವು. 2025ರ ಮೇ ತಿಂಗಳಲ್ಲಿ ಮತ್ತೆ ಬಂತು. ಆಪರೇಷನ್ ಸಿಂಧೂರ ಸಮಯದಲ್ಲಿ ಆ ದೇಶ ಪಾಕಿಸ್ತಾನದ ಪರ ಮಾತಾಡಿತು, ನಮ್ಮವರು ಬಾಕು ಟೂರ್ ಕ್ಯಾನ್ಸಲ್ ಮಾಡಿದರು. ಅದು ಸರ್ಕಾರಗಳ ಲೆಕ್ಕಾಚಾರ. ಅದನ್ನ ಪ್ರೈಮ್ ಟೈಮ್ ಡಿಬೇಟ್‌ಗೆ ಬಿಡೋಣ. ಇವತ್ತು ನಾನು ಹೇಳೋಕೆ ಹೊರಟಿರೋದು ಆ ಜನರ ಕಥೆ. ನೂರು ವರ್ಷದಲ್ಲಿ ಮೂರು ಸಲ ಅಕ್ಷರ ಬದಲಾಯಿಸಿಕೊಂಡ ಜನರ ಕಥೆ.

ಮೊದಲು ಮ್ಯಾಪ್ ನೋಡಿಬಿಡಿ. ಕ್ಯಾಸ್ಪಿಯನ್ ಸಮುದ್ರದ ಪಶ್ಚಿಮ ದಡ. ರಾಜಧಾನಿ ಬಾಕು. ನೆಲದಡಿ ಎಣ್ಣೆ, ಗ್ಯಾಸ್. 20ನೇ ಶತಮಾನ ಶುರುವಾದಾಗ ಇಡೀ ಜಗತ್ತಿನ ಕಚ್ಚಾತೈಲದಲ್ಲಿ ಹೆಚ್ಚುಕಡಿಮೆ ಅರ್ಧ ಇದೊಂದೇ ಊರಿಂದ ಬರುತ್ತಿತ್ತು. ಊರ ಹೊರಗೆ ಸುರಾಖಾನಿ ಅನ್ನೋ ಜಾಗದಲ್ಲಿ ಆತೆಶ್‌ಗಾಹ್ ಅಂತ ಒಂದು ಅಗ್ನಿಮಂದಿರ ಇದೆ. ಅದರ ಗೋಡೆಗಳ ಮೇಲೆ ದೇವನಾಗರಿ, ಗುರುಮುಖಿ ಶಾಸನಗಳಿವೆ. ಹೌದು, ಅಲ್ಲಿಗೆ ಹೋಗಿ ಬರುತ್ತಿದ್ದ ನಮ್ಮ ದೇಶದ ವ್ಯಾಪಾರಿಗಳು, ಸಾಧುಗಳು ಕೆತ್ತಿಸಿದ್ದು. ಗಣೇಶನಿಗೆ ನಮಸ್ಕಾರ ಹೇಳಿ ಶುರುವಾಗೋ ಶಾಸನ ಕ್ಯಾಸ್ಪಿಯನ್ ದಡದಲ್ಲಿದೆ ಅಂದ್ರೆ ನಂಬ್ತೀರಾ? ನಂಬಲೇಬೇಕು, ಕಲ್ಲಿನಲ್ಲಿದೆ.

ಆ ಗೋಡೆಯ ಮೇಲಿನ ಲಿಪಿ ಉಳಿದುಕೊಂಡಿದೆ. ಆದರೆ ಅದೇ ನೆಲದ ಜನರ ಸ್ವಂತ ಭಾಷೆಯ ಲಿಪಿ? ಅಲ್ಲೇ ಇರೋದು ಕಥೆ.

ಅಜರ್‌ಬೈಜಾನಿ ಭಾಷೆ ತುರ್ಕಿ ಭಾಷೆಯ ತಂಗಿ ಇದ್ದ ಹಾಗೆ. ಶತಮಾನಗಳ ಕಾಲ ಅದನ್ನ ಬರೆದದ್ದು ಅರಬ್ಬಿ ಲಿಪಿಯಲ್ಲಿ. 1929ರ ಜನವರಿ 1ರಿಂದ ಲ್ಯಾಟಿನ್ ಲಿಪಿ ಕಡ್ಡಾಯವಾಯಿತು. 1940ರ ಜನವರಿ 1ರಿಂದ ರಷ್ಯನ್ನರ ಸಿರಿಲಿಕ್ ಲಿಪಿ ಬಂತು. ಸೋವಿಯತ್ ಒಕ್ಕೂಟ ಒಡೆದುಹೋದಾಗ, 1991ರ ಡಿಸೆಂಬರ್ 25ರಂದು, ಮತ್ತೆ ಲ್ಯಾಟಿನ್ ಅಂತ ಕಾನೂನಾಯಿತು.

ಈಗ ಒಂದು ಮನೆಯನ್ನ ಊಹಿಸಿಕೊಳ್ಳಿ. ಬಾಕುವಿನಲ್ಲಿ ಒಂದು ಹಳೆಯ ಮನೆ. ಅಟ್ಟದ ಮೇಲೆ ಒಂದು ಟ್ರಂಕ್. ಅದರಲ್ಲಿ ನಾಲ್ಕು ಕಟ್ಟು ಕಾಗದ. ಮುತ್ತಜ್ಜ ಬರೆದದ್ದು ಅರಬ್ಬಿ ಲಿಪಿಯಲ್ಲಿ. ಅಜ್ಜಿ ಸ್ಕೂಲಿನಲ್ಲಿ ಕಲಿತದ್ದು ಹಳೆಯ ಲ್ಯಾಟಿನ್. ಅಮ್ಮ ಕಲಿತದ್ದು ಸಿರಿಲಿಕ್. ಮಗ ಕಲಿತದ್ದು ಹೊಸ ಲ್ಯಾಟಿನ್. ಆ ಹಳೆ ಲ್ಯಾಟಿನ್ನೂ ಈ ಹೊಸ ಲ್ಯಾಟಿನ್ನೂ ಪೂರ್ತಿ ಒಂದೇ ಅಲ್ಲ, ಕೆಲವು ಅಕ್ಷರ ಬೇರೆ ಬೇರೆ. ನಾಲ್ವರೂ ಮಾತಾಡಿದ್ದು ಒಂದೇ ಭಾಷೆ. ಆದರೆ ಟ್ರಂಕ್ ತೆಗೆದ ಹುಡುಗನಿಗೆ ಮುತ್ತಜ್ಜನ ಕಾಗದ ಬರೀ ಗೀಟು, ಚುಕ್ಕೆ.

ನಾನು ಎಂಜಿನಿಯರಿಂಗ್ ಓದಿದವಳು, ನನ್ನ ತಲೆ ಆ ಕಡೆಯೇ ಓಡುತ್ತೆ. ಹಳೆಯ ಕನ್ನಡ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಒಂದನ್ನ ಇವತ್ತಿನ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದ್ದೀರಾ? ಕನ್ನಡದ ಬದಲು ಏನೇನೋ ಚಿಹ್ನೆಗಳು ಸಾಲಾಗಿ ನಿಂತಿರುತ್ತವೆ. ಡೇಟಾ ಎಲ್ಲೂ ಹೋಗಿಲ್ಲ, ಓದೋ ಕೀಲಿ ಹೋಗಿದೆ ಅಷ್ಟೇ. ಫೈಲ್ ಆದರೆ ಕನ್ವರ್ಟರ್ ಹಾಕಬಹುದು. ಒಂದು ಇಡೀ ಜನಾಂಗದ ನೆನಪಿಗೆ ಯಾವ ಕನ್ವರ್ಟರ್ ಹಾಕ್ತೀರಿ?

ಇದೆಲ್ಲ ಯಾರು ಮಾಡಿದ್ದು? ಸ್ಟಾಲಿನ್ ಮಾಡಿದ್ದು ಅಂತ ಒಂದೇ ಮಾತಲ್ಲಿ ಮುಗಿಸಿಬಿಡಬಹುದು. ಆದರೆ ಅಷ್ಟು ಸರಳ ಇಲ್ಲ ವೀಕ್ಷಕರೇ. ಲಿಪಿ ಬದಲಾಗಬೇಕು ಅನ್ನೋ ಕೂಗು ಮೊದಲು ಎದ್ದದ್ದು ಅವರ ಒಳಗಿನಿಂದಲೇ. ಮಿರ್ಜಾ ಫತಲಿ ಅಖುಂದೋವ್ ಅಂತ ಒಬ್ಬ ನಾಟಕಕಾರ, 1812ರಲ್ಲಿ ಹುಟ್ಟಿದವರು. ತಮ್ಮ ಭಾಷೆಯಲ್ಲಿ ಮೊದಲ ಪ್ರಹಸನಗಳನ್ನ ಬರೆದವರು. ಅವರ ತಕರಾರು ಏನು ಗೊತ್ತಾ? ನಮ್ಮ ಭಾಷೆಯಲ್ಲಿ 9 ಸ್ವರಗಳಿವೆ, ಅರಬ್ಬಿ ಲಿಪಿಯಲ್ಲಿ ಅವನ್ನೆಲ್ಲ ತೋರಿಸೋಕೆ ಅಕ್ಷರವೇ ಇಲ್ಲ, ಹಿಂಗಾದರೆ ರೈತನ ಮಗ ಓದು ಕಲಿಯೋದು ಯಾವಾಗ ಅಂತ. 1857ರಲ್ಲೇ ಹೊಸ ಅಕ್ಷರಮಾಲೆಯ ಯೋಜನೆ ಮಾಡಿದರು. 1863ರಲ್ಲಿ ಅದನ್ನ ಹಿಡಿದುಕೊಂಡು ಇಸ್ತಾಂಬುಲ್‌ವರೆಗೂ ಹೋದರು. ಮರ್ಯಾದೆ ಸಿಕ್ಕಿತು, ಲಿಪಿ ಬದಲಾಗಲಿಲ್ಲ.

ಅಲ್ಲಿಂದಾಚೆಗೆ ಓದು ಬರಹದ ಹಸಿವು ಹೇಗಿತ್ತು ನೋಡಿ. 1901ರಲ್ಲಿ ಬಾಕುವಿನ ಎಣ್ಣೆ ಶ್ರೀಮಂತ ತಗಿಯೇವ್ ಮುಸ್ಲಿಂ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. 1906ರಲ್ಲಿ ಜಲೀಲ್ ಮಮ್ಮದ್‌ಗುಲುಜಾದೆ 'ಮೊಲ್ಲಾ ನಸ್ರದ್ದೀನ್' ಅನ್ನೋ ವ್ಯಂಗ್ಯಪತ್ರಿಕೆ ಶುರು ಮಾಡಿ ಮುಲ್ಲಾಗಳನ್ನೂ ಬಿಡಲಿಲ್ಲ, ಅಧಿಕಾರಿಗಳನ್ನೂ ಬಿಡಲಿಲ್ಲ. 1918ರ ಮೇ 28ರಂದು ಸ್ವತಂತ್ರ ಗಣರಾಜ್ಯ ಘೋಷಣೆಯಾಯಿತು. ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಕೊಟ್ಟ ಗಣರಾಜ್ಯ ಅದು, ಅದೂ ಅಮೆರಿಕ ದೇಶಾದ್ಯಂತ ಕೊಡೋಕೆ ಮುಂಚೆ! ಆದರೆ ಬದುಕಿದ್ದು 23 ತಿಂಗಳು. 1920ರ ಏಪ್ರಿಲ್‌ನಲ್ಲಿ ಕೆಂಪು ಸೇನೆ ಬಂತು.

1926ರಲ್ಲಿ ಬಾಕುವಿನಲ್ಲಿ ತುರ್ಕಿ ಭಾಷೆಗಳ ವಿದ್ವಾಂಸರ ದೊಡ್ಡ ಸಮ್ಮೇಳನ ನಡೆಯಿತು. ಲ್ಯಾಟಿನ್ ಲಿಪಿಯೇ ದಾರಿ ಅಂತ ತೀರ್ಮಾನವಾಯಿತು. ಅಖುಂದೋವ್ ಕನಸಿಗೆ ಬೆಲೆ ಬಂತು ಅಂತ ಅನೇಕರು ಸಂಭ್ರಮಿಸಿದರು. ಆದರೆ ಸೋವಿಯತ್ ಸರ್ಕಾರಕ್ಕೆ ಅದರಲ್ಲಿ ತನ್ನದೇ ಲೆಕ್ಕ ಇತ್ತು. ಅರಬ್ಬಿ ಲಿಪಿ ಹೋದರೆ ಮಸೀದಿಯ ನಂಟು ಕಡಿಯುತ್ತೆ, ಹಳೆಯ ಪುಸ್ತಕದ ನಂಟು ಕಡಿಯುತ್ತೆ. ಮನೆಯಲ್ಲಿ ಅರಬ್ಬಿ ಲಿಪಿಯ ಪುಸ್ತಕ ಇದ್ದರೆ ಅನುಮಾನದ ಕಣ್ಣು. ಜನ ಹೆದರಿ ಬಚ್ಚಿಟ್ಟರು, ನಾಶ ಮಾಡಿದರು.

ಅಷ್ಟರಲ್ಲಿ ಇನ್ನೊಂದು ಆಯಿತು. 1928ರಲ್ಲಿ ಟರ್ಕಿ ದೇಶವೂ ಲ್ಯಾಟಿನ್ ಲಿಪಿಗೆ ಬಂತು. ಈಗ ಬಾಕು ಜನ ಇಸ್ತಾಂಬುಲ್ ಪತ್ರಿಕೆ ಓದಬಹುದು! ಮಾಸ್ಕೋಗೆ ಇದು ರುಚಿಸಲಿಲ್ಲ. ಹತ್ತೇ ವರ್ಷ ಕಳೆದಿತ್ತು, ಸಿರಿಲಿಕ್ ಆದೇಶ ಬಂತು. ಅದರಲ್ಲೂ ಒಂದು ಜಾಣತನ. ಅಜರ್‌ಬೈಜಾನಿಗೆ ಒಂದು ಸಿರಿಲಿಕ್, ಉಜ್ಬೆಕ್‌ಗೆ ಇನ್ನೊಂದು, ಕಜಕ್‌ಗೆ ಮತ್ತೊಂದು. ಅಕ್ಕಪಕ್ಕದ ನೆಂಟ ಭಾಷೆಗಳು ಒಬ್ಬರದ್ದೊಬ್ಬರು ಸುಲಭವಾಗಿ ಓದದ ಹಾಗೆ ಆಯಿತು.

ಎರಡು ಲಿಪಿಗಳ ನಡುವಿನ ಆ ವರ್ಷಗಳಲ್ಲಿ ಬರೆಯೋರನ್ನೇ ಮುಗಿಸಿದರು. ಅಹ್ಮದ್ ಜವಾದ್, ಸ್ವತಂತ್ರ ಗಣರಾಜ್ಯದ ಗೀತೆ ಬರೆದ ಕವಿ, 1937ರಲ್ಲಿ ಗುಂಡಿಗೆ ಬಲಿ. ಹುಸೇನ್ ಜಾವಿದ್, ದೊಡ್ಡ ನಾಟಕಕಾರ, ಅದೇ ವರ್ಷ ಬಂಧನ, 1941ರಲ್ಲಿ ಸೈಬೀರಿಯಾದಲ್ಲಿ ಸಾವು. ಮಿಕಾಯಿಲ್ ಮುಷ್ಫಿಗ್, 1938ರ ಜನವರಿಯಲ್ಲಿ ಗುಂಡಿಟ್ಟು ಕೊಂದರು. ವಯಸ್ಸು 29. ಜವಾದ್ ಬರೆದ ಅದೇ ಗೀತೆ 1992ರಲ್ಲಿ ಮತ್ತೆ ರಾಷ್ಟ್ರಗೀತೆಯಾಯಿತು. ಕೇಳೋಕೆ ಅವರಿರಲಿಲ್ಲ.

ಸರಿ, 1991ರಲ್ಲಿ ಸ್ವಾತಂತ್ರ್ಯ ಬಂತು, ಲ್ಯಾಟಿನ್ ಬಂತು, ಎಲ್ಲ ಸುಖಾಂತ್ಯ ಅಂದುಕೊಂಡಿರಾ? ಇಲ್ಲ. ತಲೆಕೆಳಗಾದ ಇಂಗ್ಲಿಷ್ ಚಿಕ್ಕ 'ಇ' ತರ ಕಾಣೋ ಒಂದು ಅಕ್ಷರ ಇದೆ, ಆ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗೋ ಅಕ್ಷರಗಳಲ್ಲಿ ಒಂದು. ದೇಶದ ಹೆಸರಿನಲ್ಲೇ ಇದೆ. 1991ರಲ್ಲಿ ಅದನ್ನ ತೆಗೆದು ಎರಡು ಚುಕ್ಕೆಯ 'ಎ' ಹಾಕಿದರು. ಪ್ರತಿ ಸಾಲಿನಲ್ಲೂ ಚುಕ್ಕೆಗಳ ಮಳೆ! ಮುಂದಿನ ವರ್ಷವೇ ಹಳೆಯ ಅಕ್ಷರ ವಾಪಸ್. ಪತ್ರಿಕೆಗಳು ಪೂರ್ತಿ ಲ್ಯಾಟಿನ್‌ಗೆ ಬಂದದ್ದು 2001ರ ಆಗಸ್ಟ್ 1ರಿಂದ. ಆ ದಿನ ಅವರಿಗೆ ಭಾಷೆ ಮತ್ತು ಅಕ್ಷರದ ದಿನ. ಆದರೆ ಅದೇ ದಿನ ಜೀವನವಿಡೀ ಸಿರಿಲಿಕ್ ಓದಿದ ಅಮ್ಮ, ಅಪ್ಪ ತಮ್ಮ ಪತ್ರಿಕೆಯನ್ನೇ ತಡವರಿಸಿಕೊಂಡು ಓದಬೇಕಾಯಿತು. ಸೋವಿಯತ್ ಕಾಲದ ಪುಸ್ತಕ ಹೊಸ ಮಕ್ಕಳಿಗೆ ಪರದೇಶಿಯಾಯಿತು. 2004ರಲ್ಲಿ ಸರ್ಕಾರವೇ ಆದೇಶ ಹೊರಡಿಸಿ ಹಳೆಯ ಕೃತಿಗಳನ್ನ ಹೊಸ ಲಿಪಿಯಲ್ಲಿ ಮತ್ತೆ ಅಚ್ಚು ಹಾಕಿಸಿ ಗ್ರಂಥಾಲಯಗಳಿಗೆ ಹಂಚಬೇಕಾಯಿತು. ಆಯ್ದದ್ದು ಅಚ್ಚಾಯಿತು. ಆಯದೇ ಇದ್ದದ್ದು?

ಇನ್ನೊಂದು ಗೋಡೆ ಬಾಕಿ ಇದೆ. ಅರಾಸ್ ನದಿ. ರಷ್ಯಾ ಮತ್ತು ಇರಾನ್ 1813ರಲ್ಲಿ, 1828ರಲ್ಲಿ ಮಾಡಿಕೊಂಡ ಎರಡು ಒಪ್ಪಂದಗಳು ಈ ಜನರನ್ನ ಎರಡು ದೇಶಕ್ಕೆ ಹಂಚಿದವು. ಅಜರ್‌ಬೈಜಾನ್ ದೇಶದ ಜನಸಂಖ್ಯೆ ಸುಮಾರು 1 ಕೋಟಿ. ಅದಕ್ಕಿಂತ ಹೆಚ್ಚು ಅಜರ್‌ಬೈಜಾನಿಗಳು ಇರಾನಿನಲ್ಲಿದ್ದಾರೆ. ಅವರ ದೊಡ್ಡ ಊರು ತಬ್ರೀಜ್. ಅಲ್ಲಿ ಇವತ್ತಿಗೂ ಅರಬ್ಬಿ ಲಿಪಿ, ಸ್ಕೂಲಿನಲ್ಲಿ ಪಾಠ ಪರ್ಷಿಯನ್‌ನಲ್ಲಿ. ಬಾಕುವಿನ ತಂಗಿ ತಬ್ರೀಜ್‌ನ ಅಕ್ಕನಿಗೆ ಫೋನ್ ಮಾಡಿದರೆ ಗಂಟೆಗಟ್ಟಲೆ ಮಾತು. ಕಾಗದ ಬರೆದರೆ? ಓದಿಸೋಕೆ ಯಾರನ್ನಾದರೂ ಹುಡುಕಬೇಕು.

ಹಾಗಾದರೆ ಇವರನ್ನ ಒಂದಾಗಿ ಹಿಡಿದಿಟ್ಟದ್ದು ಯಾವುದು? ದನಿ.

ಮುಗಾಮ್ ಅಂತ ಅವರ ಸಂಗೀತ. ನಮ್ಮಲ್ಲಿ ರಾಗ ಇದ್ದ ಹಾಗೆ ಅಲ್ಲಿ ರಾಸ್ತ್, ಸೆಗಾಹ್, ಚಹಾರ್‌ಗಾಹ್ ಅಂತೆಲ್ಲ ಇವೆ. ಗಾಯಕರ ಕೈಯಲ್ಲಿ ಗಾವಲ್ ಅನ್ನೋ ತಮಟೆಯಂಥ ವಾದ್ಯ, ಪಕ್ಕದಲ್ಲಿ ತಾರ್, ಕಮಾಂಚಾ. ಕಲಿಯೋದು ಗುರುವಿನ ಎದುರು ಕೂತು, ಕಿವಿಯಿಂದ ಕಿವಿಗೆ. 1908ರ ಜನವರಿಯಲ್ಲಿ ಬಾಕುವಿನಲ್ಲಿ ಉಜೆಯಿರ್ ಹಾಜಿಬೆಯೋವ್ ಅನ್ನೋ 22 ವರ್ಷದ ಹುಡುಗ ಒಂದು ಒಪೆರಾ ಆಡಿಸಿದ, 'ಲೈಲಿ ಮತ್ತು ಮಜ್ನೂನ್'. ಕಥೆ 16ನೇ ಶತಮಾನದ ಕವಿ ಫುಜೂಲಿಯ ಕಾವ್ಯದ್ದು. ಹುಡುಗ ಏನು ಮಾಡಿದ ಗೊತ್ತಾ? ಅನೇಕ ಕಡೆ ಸ್ವರಲಿಪಿ ಬರೆಯಲೇ ಇಲ್ಲ. ಇಲ್ಲಿ ಈ ಮುಗಾಮ್ ಹಾಡಿ ಅಂತ ಬಿಟ್ಟ, ಉಳಿದದ್ದು ಗಾಯಕರ ಮನೋಧರ್ಮ. ಆಮೇಲೆ ಲಿಪಿಗಳು ಬಂದವು, ಹೋದವು. ಫುಜೂಲಿಯ ಕಾವ್ಯವನ್ನ ಮೂಲ ಲಿಪಿಯಲ್ಲಿ ಓದೋರು ಕಡಿಮೆಯಾದರು. ಆದರೆ ಒಪೆರಾ ನೋಡಿದವರ ಕಿವಿಯಲ್ಲಿ ಅದೇ ಫುಜೂಲಿ ಉಳಿದ.

ಆ ದನಿಗೂ ಕಷ್ಟ ಬಂದಿತ್ತು. 1920ರ ದಶಕದ ಕೊನೆಗೆ ತಾರ್ ಹಳೆಯ ಕಾಲದ್ದು, ಹೊಸ ಸಮಾಜಕ್ಕೆ ಬೇಡ ಅಂತ ಕೆಲವರು ಹೇಳಿದಾಗ, ನೀನು ಹಾಡು ಅಂತ ತಾರ್‌ಗೆ ಧೈರ್ಯ ಹೇಳಿ ಕವಿತೆ ಬರೆದವನು ಅದೇ ಮುಷ್ಫಿಗ್. ಅವನನ್ನ ಕೊಂದರು. ತಾರ್ ಇವತ್ತಿಗೂ ಇದೆ. 2008ರಲ್ಲಿ ಮುಗಾಮ್, 2009ರಲ್ಲಿ ಊರೂರು ತಿರುಗಿ ಹಾಡೋ ಆಶಿಕರ ಕಲೆ, 2012ರಲ್ಲಿ ತಾರ್, ಎಲ್ಲ ಯುನೆಸ್ಕೋ ಪರಂಪರೆಯ ಪಟ್ಟಿ ಸೇರಿದವು. ಅತ್ತ ತಬ್ರೀಜ್‌ನಲ್ಲಿ ಟ್ರ್ಯಾಕ್ಟರ್ ಅನ್ನೋ ಫುಟ್‌ಬಾಲ್ ಕ್ಲಬ್ ಇದೆ. ಮ್ಯಾಚ್ ದಿನ ಸ್ಟೇಡಿಯಂ ತುಂಬ ಕೇಳೋ ಘೋಷಣೆ ಸ್ಕೂಲ್ ಕಲಿಸಿದ ಪರ್ಷಿಯನ್ ಅಲ್ಲ, ಅಮ್ಮ ಕಲಿಸಿದ ಭಾಷೆ.

ಹಾಗಂತ ಬರೆದದ್ದು ಹೋದರೂ ಪರವಾಗಿಲ್ಲ, ಹಾಡಿದ್ದು ಉಳಿಯುತ್ತೆ ಅಂತ ನಾನು ಹೇಳ್ತಿಲ್ಲ. ಅದು ಅಪಾಯದ ಸಮಾಧಾನ. ಹಾಡಿನಲ್ಲಿ ಪ್ರೇಮ ಉಳಿಯುತ್ತೆ. ಜಮೀನಿನ ಪತ್ರ, ಔಷಧದ ಪುಸ್ತಕ, ಜೈಲಿಂದ ಬಂದ ಕಾಗದ ಹಾಡಿನಲ್ಲಿ ಉಳಿಯಲ್ಲ. ಬಾಕುವಿನ ಹಸ್ತಪ್ರತಿ ಸಂಸ್ಥೆಯಲ್ಲಿರೋ ಮಧ್ಯಕಾಲದ ವೈದ್ಯ ಗ್ರಂಥಗಳು 2005ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿ ಸೇರಿವೆ. ಒಳ್ಳೆಯದು. ಆದರೆ ಅಟ್ಟದ ಮೇಲಿನ ಟ್ರಂಕ್‌ಗೆ ಯಾವ ಪಟ್ಟಿ? ನಮ್ಮ ಬೆಳಗಾವಿ, ಧಾರವಾಡದ ಕಡೆಯ ವೀಕ್ಷಕರಿಗೆ ಇದು ಬೇಗ ಅರ್ಥವಾಗುತ್ತೆ. ಮೋಡಿ ಲಿಪಿಯ ಹಳೆಯ ದಾಖಲೆ ಕೈಯಲ್ಲಿ ಹಿಡಿದು ಓದೋರನ್ನ ಹುಡುಕಿಕೊಂಡು ಅಲೆದವರಿದ್ದಾರೆ ಅಲ್ಲಿ.

ಕೊನೆಯದಾಗಿ ಒಂದು ಮಾತು. 1977ರಲ್ಲಿ ನಾಸಾ ಎರಡು ವಾಯೇಜರ್ ನೌಕೆಗಳನ್ನ ಹಾರಿಸಿತು. ಅವುಗಳ ಮೇಲೆ ಚಿನ್ನದ ಲೇಪದ ರೆಕಾರ್ಡ್ ಇದೆ. 55 ಭಾಷೆಗಳ ಶುಭಾಶಯದಲ್ಲಿ ಕನ್ನಡವೂ ಇದೆ, ನಮಗೆಲ್ಲ ಹೆಮ್ಮೆ. ಅದೇ ರೆಕಾರ್ಡ್‌ನಲ್ಲಿ ಅಜರ್‌ಬೈಜಾನಿನ ಸಂಗೀತವೂ ಇದೆ, ಬಾಲಾಬಾನ್ ಅನ್ನೋ ಊದುವ ವಾದ್ಯ, ನಮ್ಮ ಶಹನಾಯಿಯ ದೂರದ ನೆಂಟ. ಪಟ್ಟಿ ಬರೆದವರು ಅದನ್ನ ಬ್ಯಾಗ್‌ಪೈಪ್ ಅಂತ ಬರೆದರು. ಬರೆದದ್ದು ತಪ್ಪು, ದನಿ ಸರಿಯಾಗೇ ಇದೆ. ಸೂರ್ಯನ ಗಾಳಿಯ ಗಡಿ ದಾಟಿ ನಮ್ಮ ಮಾತು, ಅವರ ನಾದ ಜೊತೆಯಲ್ಲೇ ಹೋಗ್ತಾ ಇವೆ.

ಇಲ್ಲಿ ಭೂಮಿ ಮೇಲೆ ಇರೋರಿಗೆ ಒಂದೇ ಕೆಲಸ. ನಿಮ್ಮ ಮನೆಯಲ್ಲಿ ಹಳೆಯ ಕಾಗದ ಇದ್ದರೆ, ಅದನ್ನ ಓದಬಲ್ಲ ಹಿರಿಯರು ಇನ್ನೂ ಇದ್ದರೆ, ಈ ಭಾನುವಾರ ಪಕ್ಕದಲ್ಲಿ ಕೂತು ಓದಿಸಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಾಗದವನ್ನೂ ಜೋಪಾನ ಮಾಡಿ, ದನಿಯನ್ನೂ ಜೋಪಾನ ಮಾಡಿ.