ಅಂಚೆಪೆಟ್ಟಿಗೆಯ ಮೇಲಿನ ಅಡ್ಡಹೆಸರು

(ಶ್ರೀಮಠದ ಉಚಿತ ಪ್ರಸಾದ ನಿಲಯದಲ್ಲಿ ಜರುಗಿದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ನಿಲಯದ ಇಬ್ಬರು ಮಕ್ಕಳು ಬರುವ ಸೆಪ್ಟೆಂಬರಿನಲ್ಲಿ ಓದಲಿಕ್ಕೆ ಜರ್ಮನಿಗೆ ಹೊರಟಿದ್ದಾರೆ. ನಾನು 2017ರಲ್ಲಿ ಅಲ್ಲಿನ ಡ್ರೆಸ್ಡೆನ್ ಊರಿಗೆ ಹೋದವಳು. ಮೊದಲ ದಿನಗಳು ಹೇಗಿರುತ್ತವೆ ಹೇಳಮ್ಮ ಎಂದು ಅಪ್ಪಾವರು ಅಪ್ಪಣೆ ಕೊಟ್ಟರು. ಎಲ್ಬ್ ನದಿ, ಹಳೆಯ ಅರಮನೆಗಳು ಎಲ್ಲಿಗೂ ಓಡಿ ಹೋಗುವುದಿಲ್ಲ, ಅವನ್ನು ಎರಡು ವರ್ಷ ನೋಡಬಹುದು. ಮೊದಲ ಹದಿನೈದು ದಿನ ಬೇಕಾದದ್ದು ಒಂದು ವಿಳಾಸ.

ಆ ದೇಶದಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ಇಂಥ ಮನೆಯಲ್ಲಿ ಇದ್ದೇನೆ ಎಂದು ನೋಂದಾಯಿಸಬೇಕು. ಅದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಮನೆ ಕೊಟ್ಟವರು ಸಹಿ ಮಾಡಿದ ಕಾಗದ ಇಲ್ಲದೆ ಅದು ಆಗುವುದಿಲ್ಲ. ನೋಂದಣಿಯಾದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಮುಂದೆ ವಾಸದ ಪರವಾನಗಿಗೂ ಅದೇ ನೋಂದಣಿ ಪತ್ರ ಕೇಳುತ್ತಾರೆ. ಒಂದು ಕೋಣೆ ಸಿಗದಿದ್ದರೆ ಉಳಿದ ಕೆಲಸವೆಲ್ಲ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು. ಅಲ್ಲಿಯ ದೊಡ್ಡ ಕಟ್ಟಡಗಳಲ್ಲಿ ಒಳಗಿನ ಮನೆಗಳಿಗೆ ನಂಬರು ಬರೆಯುವ ರೂಢಿ ಕಡಿಮೆ. ಬೆಲ್ಲಿನ ಪಕ್ಕದಲ್ಲಿ, ಅಂಚೆಪೆಟ್ಟಿಗೆಯ ಮೇಲೆ ಅಡ್ಡಹೆಸರು ಇರುತ್ತದೆ. ನಿಮ್ಮ ಹೆಸರು ಅಲ್ಲಿ ಕಾಣದಿದ್ದರೆ ಅಂಚೆಯವನು ಪತ್ರ ವಾಪಸು ಒಯ್ಯುತ್ತಾನೆ. ಹೋದ ದಿನವೇ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಹೆಸರು ಬರೆದು ಚೀಟಿ ಅಂಟಿಸಿರಿ.

ತಂದೆತಾಯಿಗಳಿಗೆ ದುಡ್ಡಿನ ಚಿಂತೆ. ವೀಸಾಕ್ಕಾಗಿ ಬ್ಯಾಂಕಿನಲ್ಲಿ ಕಟ್ಟಿಡುವ ಹಣ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ ಆಗಿದೆ. ಹೊಲ ಒತ್ತೆಯಿಟ್ಟು ಇಷ್ಟು ಫೀ ಕಟ್ಟಿದೆವು ಎಂದು ಕೆಲವರು ತಿಳಿದಿರುತ್ತಾರೆ. ಅದು ಫೀ ಅಲ್ಲ, ನಿಮ್ಮ ಮಗು ತಿಂಗಳಿಗೆ 992 ಯೂರೋದಂತೆ ತೆಗೆದುಕೊಂಡು ಉಣ್ಣುವ ಹಣ. ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಸೇರುವ ಮುಂಚೆ ವಿಚಾರಿಸಿರಿ.

ಈಗ ಕೋಣೆಯ ಮಾತು. ಅಕ್ಟೋಬರಿನಲ್ಲಿ ಸೆಮಿಸ್ಟರ್ ಶುರುವಾಗುವುದರಿಂದ ಎಲ್ಲರೂ ಒಮ್ಮೆಗೇ ಕೋಣೆ ಹುಡುಕುತ್ತಾರೆ. ವಿದ್ಯಾರ್ಥಿ ನಿಲಯಗಳಲ್ಲಿ ಉದ್ದ ಪಾಳಿ ಇರುತ್ತದೆ. ಆಗ ನಮ್ಮ ಹುಡುಗರು ನಮ್ಮವರ ವಾಟ್ಸಾಪ್ ಗುಂಪಿಗೆ ಓಡುತ್ತಾರೆ. ಅದು ಸಹಜ. ಅಲ್ಲಿ ಏನು ಕೇಳುತ್ತಾರೆ ಎಂಬುದನ್ನು ಈ ಮಠದಲ್ಲಿ ನಿಂತು ಹೇಳದಿದ್ದರೆ ಇನ್ನೆಲ್ಲಿ ಹೇಳಲಿ?

ನನ್ನ ಸಂಗಡ ಅದೇ ವಿಮಾನದಲ್ಲಿ ರಾಯಚೂರು ಜಿಲ್ಲೆಯ ಒಬ್ಬ ಹುಡುಗಿ ಬಂದಿದ್ದಳು. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ತಂದೆಯ ಹೆಸರಿತ್ತು. ಮೂರನೆಯ ದಿನ ಒಂದು ಕೋಣೆಗೆ ಫೋನು ಮಾಡಿದಳು. ಕನ್ನಡದವರೇ. ಶಾಕಾಹಾರಿಯೇ ಎಂದು ಕೇಳಿದರು, ಹೌದೆಂದಳು. ಅಡ್ಡಹೆಸರು ಕೇಳಿದರು, ತಂದೆಯ ಹೆಸರು ಹೇಳಿದಳು. ‘ಅದಲ್ಲರೀ, ಮನೆತನದ್ದು’ ಎಂದರು. ಹೇಳಿದಳು. ಕೋಣೆ ನಿನ್ನೆಯೇ ಹೋಯಿತು ಎಂದು ಫೋನು ಇಟ್ಟರು. ಅರ್ಧ ತಾಸು ಬಿಟ್ಟು ಅದೇ ನಂಬರಿಗೆ ನಾನು ಮಾಡಿದೆ. ನನ್ನ ಅಡ್ಡಹೆಸರು ಕೇಳಿದರೆ ಈ ಸಭೆಯಲ್ಲಿ ಯಾರೂ ಮತ್ತೇನೂ ಕೇಳಬೇಕಾಗಿಲ್ಲ. ಕೋಣೆ ಖಾಲಿ ಇತ್ತು! ಸಂಜೆಗೇ ಬನ್ನಿರಿ ಎಂದರು. ನಾವಿಬ್ಬರಿದ್ದೇವೆ ಎಂದೆ. ‘ನೀವೊಬ್ಬರೇ ಬರ್ರಿ’ ಎಂಬ ಉತ್ತರ ಬಂತು. ಬೇಡವೆಂದು ಇಟ್ಟುಬಿಟ್ಟೆ. ಆ ಮನೆಯವರನ್ನು ಮುಂದೆ ಒಂದು ಬಸವ ಜಯಂತಿಯಲ್ಲಿ ನೋಡಿದೆ. ಕೊರಳಲ್ಲಿ ಲಿಂಗವಿತ್ತು, ಸಮಾನತೆಯ ಮೇಲೆ ಚಲೋ ಭಾಷಣವನ್ನೂ ಮಾಡಿದರು.

ಅಲ್ಲಿಯ ಅಂಚೆಯವನಿಗೆ ಅಡ್ಡಹೆಸರು ಬೇಕಾದದ್ದು ಪತ್ರ ಕೊಡಲಿಕ್ಕೆ. ನಮ್ಮವರಿಗೆ ಯಾತಕ್ಕೆ ಬೇಕಿತ್ತು?

ಕಡೆಗೆ ಟ್ರಾಮಿನ ಕೊನೆಯ ನಿಲ್ದಾಣದ ಹತ್ತಿರ ನಮಗಿಬ್ಬರಿಗೂ ಸೇರಿ ಒಂದು ಕೋಣೆ ಸಿಕ್ಕಿತು. ಉಳಿದೆರಡು ಕೋಣೆಗಳಲ್ಲಿ ಸಿರಿಯಾದ ಒಬ್ಬಳು, ಪೋಲೆಂಡಿನ ಒಬ್ಬಳು. ಅಡಿಗೆಮನೆ ಒಂದೇ. ಮಾಂಸ ಬೇಯಿಸುವ ಮನೆಯಲ್ಲಿ ಹೇಗಿದ್ದಿ ಎಂದು ಅವ್ವ ಇವತ್ತಿಗೂ ಕೇಳುತ್ತಾಳೆ. ನಮ್ಮ ಪಾತ್ರೆ ಬೇರೆ ಇಟ್ಟುಕೊಂಡೆವು, ಅಷ್ಟೇ. ಒಂದು ಬೆಳಿಗ್ಗೆ ನಾನು ಪೂಜೆಗೆ ಕೂತಾಗ ಸಿರಿಯಾದವಳು ಬಾಗಿಲಲ್ಲಿ ಬಂದು ಸುಮ್ಮನೆ ನಿಂತಳು. ಮುಗಿದ ಮೇಲೆ ಅಂಗೈಯಲ್ಲಿದ್ದದ್ದು ಏನೆಂದು ಕೇಳಿದಳು. ಹುಟ್ಟಿದಾಗಿನಿಂದ ಧರಿಸಿದ್ದನ್ನು ಹೊರಗಿನವರಿಗೆ ಹೇಳಲು ನಾನು ಮಾತು ಹುಡುಕಬೇಕಾಯಿತು. ಹೊರಡುವ ಮಕ್ಕಳು ಅದನ್ನು ಇಲ್ಲಿಯೇ ಅಪ್ಪಾವರ ಹತ್ತಿರ ಕೂತು ಕೇಳಿಕೊಂಡು ಹೋಗಿರಿ. ಬೆಳ್ಳಿ ಕರಡಿಗೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸದ್ದು ಮಾಡಬಹುದು, ಮೊದಲೇ ತೋರಿಸಿ ಹೇಳಿದರೆ ಗಾಬರಿ ಇರುವುದಿಲ್ಲ.

ಸಣ್ಣಪುಟ್ಟವು: ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಅಕ್ಕಿ ತಂದಿಡಿರಿ. ರಾತ್ರಿ ಹತ್ತರ ಮೇಲೆ ಚಟ್ನಿಗೆ ಮಿಕ್ಸರ್ ಹಾಕಬೇಡಿರಿ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿರಿ, ಅಂಗಡಿಗೆ ಮರಳಿಸಿದರೆ 25 ಸೆಂಟ್ ವಾಪಸು ಬರುತ್ತದೆ. ಭಾಷೆಯನ್ನು ಮಾತ್ರ ಸಣ್ಣದೆನ್ನಲಾರೆ. ಇಂಗ್ಲಿಷಿನಲ್ಲಿ ಪಾಠವಿದ್ದರೂ ಮನೆಯ ಕರಾರು, ಕಚೇರಿಯ ಪತ್ರ ಎಲ್ಲ ಜರ್ಮನ್. ಕಿಟೆಲ್ ಸಾಹೇಬರು 1853ರಲ್ಲಿ ಅದೇ ನಾಡಿನಿಂದ ನಮ್ಮ ಕಡೆಗೆ ಬಂದಾಗ ಇಪ್ಪತ್ತೊಂದರ ಹುಡುಗ. ಕನ್ನಡ ಕಲಿತರು, 1894ರಲ್ಲಿ ನಿಘಂಟನ್ನೇ ಕೊಟ್ಟರು. ನಿಮಗೆ ನಿಘಂಟು ಬರೆಯಲು ಹೇಳುತ್ತಿಲ್ಲ, ಕೋಣೆ ಖಾಲಿ ಇದೆಯೇ ಎಂದು ಕೇಳುವಷ್ಟು ಕಲಿತರೆ ಯಾವ ಗುಂಪಿನ ಹಂಗೂ ಬೇಕಾಗುವುದಿಲ್ಲ.

ನನ್ನ ರಾಯಚೂರಿನ ಗೆಳತಿ ಈಗ ಅಲ್ಲಿಯೇ ನೌಕರಿಯಲ್ಲಿದ್ದಾಳೆ. ಹೊಸದಾಗಿ ಬಂದವರಿಗೆ ನೋಂದಣಿಯಾಗುವ ತನಕ ತನ್ನ ಮನೆಯಲ್ಲಿ ಒಂದು ಕೋಣೆ ಬಿಟ್ಟಿದ್ದಾಳೆ. ಹೊರಟಿರುವ ಇಬ್ಬರಿಗೂ ಅವಳ ನಂಬರು ಕೊಡುತ್ತೇನೆ. ಪ್ರಸಾದವಾದ ಮೇಲೆ ಪ್ರವೇಶ ಪತ್ರ, ವಿಮೆಯ ಕಾಗದ, ಪಾಸ್‌ಪೋರ್ಟ್ ತೆಗೆದುಕೊಂಡು ಗ್ರಂಥಾಲಯಕ್ಕೆ ಬನ್ನಿರಿ. ಸಂಜೆಯ ಬಸ್ಸಿನ ತನಕ ಅಲ್ಲಿಯೇ ಕೂತಿರುತ್ತೇನೆ.