ಕೈಯಿಂದ ಬರೆದ ಜಾಲಪುಟ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹೊರನಾಡಿನಲ್ಲಿ ನೆಲೆಸಿದ ನಮಗೆ ಮನೆಯ ಹಳೆಯ ಕಾಗದಪತ್ರವೂ ಒಂದು ಆಸ್ತಿಯೇ ಸರಿ. ಅಂಥ ಆಸ್ತಿಯನ್ನು ನಾನು ಕಳೆದುಕೊಳ್ಳಲಿದ್ದ ಕಥೆಯಿಂದಲೇ ಮಾತನ್ನು ಆರಂಭಿಸುತ್ತೇನೆ.

1999ರಲ್ಲಿ ನಮ್ಮ ತಾಯಿಯವರು ಹೇಳಿದ ಊರಿನ, ಮನೆತನದ ಸಂಗತಿಗಳನ್ನೆಲ್ಲ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟೆನು. ಹತ್ತು ವರ್ಷಗಳ ತರುವಾಯ ಹೊಸ ಯಂತ್ರದಲ್ಲಿ ತೆರೆದು ನೋಡಿದರೆ ಕನ್ನಡವೇ ಇಲ್ಲ. ಬರಿಯ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಅಷ್ಟರಲ್ಲಿ ತಾಯಿಯವರು ತೀರಿಕೊಂಡಿದ್ದರು. ಧಾರವಾಡದಲ್ಲಿ ತಂಗಿಯ ಪೆಟ್ಟಿಗೆಯೊಳಗೆ ಕಾಗದದ ಪ್ರತಿಯೊಂದು ಉಳಿದಿದ್ದುದು ನಮ್ಮ ಪುಣ್ಯ.

ಹೀಗೇಕಾಯಿತು? ಅಂದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿಯೇ ಕನ್ನಡದ ಆಕೃತಿಗಳನ್ನು ಕೂಡಿಸುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡ ಮಾಯವಾಗುತ್ತಿತ್ತು. ಯೂನಿಕೋಡಿನಲ್ಲಿ ಹಾಗಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆಗಳು ದೊರೆತವು. ಅವು ಮನೆಮನೆಯ ಯಂತ್ರಗಳಿಗೆ ಬರಲು ಮಾತ್ರ ಮತ್ತೆ ಸುಮಾರು ಹತ್ತು ವರ್ಷ ಹಿಡಿಯಿತು. ‘ಕ’ ಅಕ್ಷರದ ಸಂಖ್ಯೆ 3221, ಲೋಕಕ್ಕೆಲ್ಲ ಅದೊಂದೇ.

ಕಳೆದ ದೀಪಾವಳಿಯಲ್ಲಿ ಆ ಕಾಗದಗಳನ್ನು ಮೊಮ್ಮಗಳ ಮುಂದಿಟ್ಟೆನು. “ಅಜ್ಜಾ, ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಯಾಕೆ? ನೋಟ್‌ಪ್ಯಾಡ್ ಸಾಕು” ಎಂದಳು. ಸಾಕೇ ಆಯಿತು! ಪ್ಯಾರಾ ಆರಂಭವಾಗುವಲ್ಲಿ ಕೋನಾವರಣದೊಳಗೆ ‘ಪಿ’ ಎಂಬ ಒಂದಕ್ಷರ. ಮುಗಿಯುವಲ್ಲಿ ಅದೇ ಅಕ್ಷರದ ಹಿಂದೆ ಒಂದು ಓರೆಗೆರೆ. ತಲೆಬರಹಕ್ಕೆ ಬೇರೊಂದು ಗುರುತು. ಭಾಷೆ ಕನ್ನಡ, ಅಕ್ಷರಪದ್ಧತಿ ಯುಟಿಎಫ್-8 ಎಂದು ಮೇಲುಗಡೆ ಎರಡು ಸೂಚನೆ. ಹೆಸರಿನ ಕೊನೆಗೆ ‘ಎಚ್‌ಟಿಎಂಎಲ್’ ಎಂದು ಸೇರಿಸಿ ಉಳಿಸಿದರೆ ಬ್ರೌಸರಿನಲ್ಲಿ ಪುಟ ಸಿದ್ಧ. ನಾನೊಮ್ಮೆ ತಲೆಬರಹದ ಓರೆಗೆರೆ ಮರೆತು, ಪುಟವೆಲ್ಲ ದಪ್ಪಕ್ಷರವಾಗಿ ಮೊಮ್ಮಗಳಿಂದ ಬೈಸಿಕೊಂಡದ್ದೂ ಉಂಟು.

ಇಂಥ ಪುಟ ಬಾಳುವುದೇ ಎಂದು ಕೇಳಬಹುದು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಗತ್ತಿನ ಮೊದಲ ಜಾಲಪುಟಗಳನ್ನು ಬರೆದದ್ದು ಇದೇ ಬಗೆಯ ಸರಳ ಗುರುತುಗಳಿಂದ. 1990ರ ದಶಕದ ಆರಂಭದ ಆ ಬರಹವನ್ನು ಸರ್ನ್ 2013ರಲ್ಲಿ ಮೂಲ ವಿಳಾಸಕ್ಕೆ ಮರಳಿಸಿತು. ಇಂದಿನ ಬ್ರೌಸರಿನಲ್ಲಿಯೂ ಅದನ್ನು ಓದಬಹುದು. ಆದರೆ ಯಂತ್ರ ಕೆಟ್ಟರೆ ಪುಟವೂ ಹೋದೀತು; ಆದುದರಿಂದ ಎರಡು ಮೂರು ಕಡೆ ಪ್ರತಿ ಇಡತಕ್ಕದ್ದು.

ನನಗೆ ದೊರೆತ ಲಾಭ ಬೇರೆಯೇ. ಮೊಮ್ಮಗಳ ಶಾಲೆಯಲ್ಲಿ ಕನ್ನಡವಿಲ್ಲ. ಅಕ್ಷರ ಕೂಡಿಸಿ ಓದುವಳು, ಅಷ್ಟೆ. ಒಂದೊಂದೇ ಸಾಲನ್ನು ಬೆರಳಚ್ಚು ಮಾಡುತ್ತ “ಅಜ್ಜಾ, ಪಡಸಾಲೆ ಅಂದರೇನು?” ಎಂದು ಕೇಳಿದಳು. ತಾನು ಕಾಣದ ಮುತ್ತಜ್ಜಿಯ ಮನೆಯನ್ನು ಹೀಗೆ ಹೊಕ್ಕಳು. ಸಿದ್ಧ ಯಂತ್ರಕ್ಕೆ ಕಾಗದ ಒಪ್ಪಿಸಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ.

ನಿಮ್ಮ ಮನೆಯ ಹಿರಿಯರು ಇರುವಾಗಲೇ ಅವರನ್ನು ಮಾತನಾಡಿಸಿರಿ. ಮಕ್ಕಳ ಕೈಯಿಂದ ಬರೆಯಿಸಿರಿ. ಬರುವ ರಾಜ್ಯೋತ್ಸವದ ಹೊತ್ತಿಗೆ ಮನೆಗೊಂದು ಪುಟವಾಗಲಿ ಎಂದು ಬೇಡಿ ಮಾತು ಮುಗಿಸುತ್ತೇನೆ.