ನಾಲ್ಕನೇ ಮಹಡಿಯ ಹಿತ್ತಲು

ಪುಟ್ಟಿಯ ಮೆಂತ್ಯದ ಸಸಿಗಳು ಸತ್ತುಹೋದವು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಒಂದು ಲೋಟ, ಬಂದ ಮೇಲೆ ಒಂದು ಲೋಟ, ಮಲಗುವ ಮುಂಚೆ ಇನ್ನೊಂದು ಲೋಟ ಅಂತ ನೀರು ಹಾಕಿ ಸಾಕಿದ್ದಳು. ಎಂಟನೇ ದಿನ ನೋಡಿದರೆ ಎಲ್ಲವೂ ಬುಡ ಕೊಳೆತು ಒಂದರ ಮೇಲೊಂದು ಒರಗಿ ಮಲಗಿದ್ದವು.

“ಅಷ್ಟೊಂದು ನೀರು ಹಾಕಿದ್ದೆನಲ್ಲ ಅಜ್ಜಿ, ಆದರೂ ಯಾಕೆ ಸತ್ತವು?”

“ಅಷ್ಟೊಂದು ಹಾಕಿದ್ದಕ್ಕೇ ಕಂದ,” ಅಂದೆ. ಅವಳ ಮುಖ ಚಿಕ್ಕದಾಯಿತು. ಪೂರ್ತಿ ಅವಳ ತಪ್ಪೂ ಅಲ್ಲ. ಆ ಕುಂಡ ತುಂಬಿಕೊಟ್ಟವಳು ನಾನೇ.

ನಮ್ಮದು ಅರಸೀಕೆರೆ ಕಡೆಯ ಊರು. ಮನೆ ಹಿಂದೆ ದೊಡ್ಡ ಹಿತ್ತಲಿತ್ತು. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬೇಲಿಯ ಮೇಲೆ ಬಸಳೆ, ಬಾವಿಯ ಪಕ್ಕ ಕರಿಬೇವು. ಬೀಜ ಎರಚಿದರೆ ಸೊಪ್ಪು ಬರುತ್ತಿತ್ತು. ಈಗ ಬೆಂಗಳೂರಿನಲ್ಲಿ ಮಗನ ಮನೆ, ನಾಲ್ಕನೇ ಮಹಡಿ. ಹಿತ್ತಲಿಲ್ಲ. ಉದ್ದ ಒಂಬತ್ತಡಿ, ಅಗಲ ನಾಲ್ಕಡಿಯ ಒಂದು ಬಾಲ್ಕನಿ ಇದೆ. ಇಲ್ಲಿ ನಾಲ್ಕು ಕುಂಡ ಇಟ್ಟ ಮೇಲೆ ನನಗೊಂದು ಗುಟ್ಟು ಗೊತ್ತಾಯಿತು. ಊರಲ್ಲಿ ಗಿಡ ಬೆಳೆಸುತ್ತಿದ್ದೆ ಅಂದುಕೊಂಡಿದ್ದೆನಲ್ಲ, ಮುಕ್ಕಾಲು ಕೆಲಸ ನೆಲವೇ ಮಾಡುತ್ತಿತ್ತು. ನಾನು ಸೊಪ್ಪು ಕೊಯ್ಯುತ್ತಿದ್ದೆ, ಅಷ್ಟೆ. ಬಾಲ್ಕನಿಯಲ್ಲಿ ನೆಲದ ಕೆಲಸವೂ ನಮ್ಮ ತಲೆಗೆ ಬಂತು. ಅಜ್ಜಿ ಮೊಮ್ಮಗಳು ಸೇರಿ ಅದನ್ನು ಹೇಗೆ ಕಲಿತೆವು ಅಂತ ಹೇಳುತ್ತೇನೆ, ಕೇಳಿ.

ಸ್ಪಂಜು ಕಲಿಸಿದ ಪಾಠ

ಬೇರಿಗೂ ಉಸಿರು ಬೇಕು. ಅದಕ್ಕೆ ಮೂಗಿಲ್ಲ. ಮಣ್ಣಿನ ಕಣಗಳ ನಡುವೆ ಇರುವ ಸಣ್ಣ ಸಣ್ಣ ಸಂದಿಗಳ ಗಾಳಿಯಿಂದ ಅದು ಆಮ್ಲಜನಕ ಹೀರಿಕೊಳ್ಳುತ್ತದೆ. ಸಂದಿಯೆಲ್ಲ ನೀರೇ ತುಂಬಿದರೆ ಗಾಳಿಗೆ ಜಾಗವೆಲ್ಲಿ? ಬೇರು ಸೊರಗುತ್ತದೆ. ಸೊರಗಿದ ಬೇರನ್ನು ಬೂಷ್ಟಿನಂಥ ಜೀವಿಗಳು ಬಂದು ಕೊಳೆಸುತ್ತವೆ. ಹಿತ್ತಲಲ್ಲಿ ಹೆಚ್ಚಾದ ನೀರು ಆಳಕ್ಕೆ ಇಳಿದುಹೋಗುತ್ತಿತ್ತು. ಎರೆಹುಳುಗಳು ಮಣ್ಣು ಕೊರೆದು ಗಾಳಿಗೆ ದಾರಿ ಮಾಡುತ್ತಿದ್ದವು. ಕುಂಡಕ್ಕೆ ತಳ ಇದೆ, ಎರೆಹುಳು ಇಲ್ಲ.

“ತಳದಲ್ಲಿ ತೂತು ಇದೆಯಲ್ಲ ಅಜ್ಜಿ? ನೀನು ಹೆಂಚಿನ ಚೂರೂ ಹಾಕಿದ್ದೆ.”

ಹೌದು, ಹಾಕಿದ್ದೆ. ನೀರು ಚೆನ್ನಾಗಿ ಬಸಿಯಲಿ ಅಂತ ಕುಂಡದ ತಳದಲ್ಲಿ ಮೂರು ಬೆರಳಷ್ಟು ಹೆಂಚಿನ ಚೂರು ಹಾಸುವುದು ನಮ್ಮಮ್ಮನ ಕಾಲದಿಂದ ಬಂದ ಪದ್ಧತಿ. ಅದು ಸರಿಯೋ ತಪ್ಪೋ ಅಂತ ಪಾತ್ರೆ ತೊಳೆಯುವ ಸ್ಪಂಜು ಹೇಳಿಕೊಟ್ಟಿತು. ನೀವೂ ಮಾಡಿ ನೋಡಿ. ಉದ್ದನೆಯ ಹೊಸ ಸ್ಪಂಜನ್ನು ನೀರಲ್ಲಿ ಚೆನ್ನಾಗಿ ನೆನೆಸಿ, ಅಡ್ಡಡ್ಡ ಹಿಡಿಯಿರಿ. ಹಿಂಡಬೇಡಿ. ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತದೆ. ನಿಂತ ಮೇಲೆ ಅದೇ ಸ್ಪಂಜನ್ನು ಮೆಲ್ಲಗೆ ನೆಟ್ಟಗೆ ತಿರುಗಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ನೀರೂ ಅದೇ. ಬದಲಾದದ್ದು ಎತ್ತರ ಮಾತ್ರ.

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದಲ್ಲ, ಸಣ್ಣ ಸಂದಿಗಳು ನೀರನ್ನು ಹಾಗೆ ಹಿಡಿದಿಟ್ಟುಕೊಳ್ಳುತ್ತವೆ. ಇದಕ್ಕೆ ಕೇಶಾಕರ್ಷಣೆ ಅಂತ ಹೆಸರು. ಹಾಗಾಗಿ ತೂತು ಎಷ್ಟೇ ಇದ್ದರೂ ಕುಂಡದ ತಳದಲ್ಲಿ ಒಂದಿಷ್ಟು ಎತ್ತರದ ಮಣ್ಣು ತೊಯ್ದೇ ಇರುತ್ತದೆ. ಕುಂಡ ಆಳವಾಗಿದ್ದರೆ ಅದರ ಮೇಲೆ ಬೇರಿಗೆ ಗಾಳಿಯಾಡುವ ಮಣ್ಣು ಬೇಕಾದಷ್ಟಿರುತ್ತದೆ. ಆಳ ಕಡಿಮೆಯಾದರೆ ಒದ್ದೆಯೇ ಮುಕ್ಕಾಲು ಪಾಲು. ತಳದಲ್ಲಿ ಹೆಂಚಿನ ಚೂರು ತುಂಬಿದರೆ ಏನಾಗುತ್ತದೆ? ಮಣ್ಣಿನ ಸಣ್ಣ ಸಂದಿಯಲ್ಲಿ ಕೂತ ನೀರು ಚೂರುಗಳ ದೊಡ್ಡ ಸಂದಿಗೆ ಸುಲಭಕ್ಕೆ ಇಳಿಯುವುದಿಲ್ಲ. ಒದ್ದೆಯ ಪದರ ಚೂರುಗಳ ಮೇಲೆ ಹತ್ತಿ ಕೂರುತ್ತದೆ, ಅಂದರೆ ಬೇರಿಗೆ ಇನ್ನಷ್ಟು ಹತ್ತಿರಕ್ಕೆ. ಅರವತ್ತು ವರ್ಷ ಮಾಡಿಕೊಂಡು ಬಂದದ್ದನ್ನು ಒಂದು ಸ್ಪಂಜು ಐದು ನಿಮಿಷದಲ್ಲಿ ಬಿಡಿಸಿತು.

ಈಗ ನಾವು ತೂತಿನ ಮೇಲೆ ಒಂದು ಚೂರು ಜಾಳಿಗೆ ಬಟ್ಟೆ ಹಾಕುತ್ತೇವೆ, ಮಣ್ಣು ಸೋರದಿರಲಿ ಅಂತ. ಮೇಲೆ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಕೋಕೋಪೀಟ್. ಈ ಕೋಕೋಪೀಟ್ ಅನ್ನುವುದು ಏನೋ ಅಂದುಕೊಂಡಿದ್ದೆ. ಇಟ್ಟಿಗೆ ಥರದ ಅದನ್ನು ಬಕೆಟ್ಟಿಗೆ ಹಾಕಿ ನೀರು ಸುರಿದರೆ ಉಬ್ಬಿ ಉಬ್ಬಿ ಬಕೆಟ್ಟೇ ತುಂಬಿತು. ಮೂಸಿ ನೋಡಿದೆ. ನಮ್ಮ ತೋಟದ ವಾಸನೆ! ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉದುರುವ ಪುಡಿ ಅದು. ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದುಕೊಂಡೂ ಗಾಳಿಗೆ ಜಾಗ ಬಿಡುತ್ತದೆ. ಮಣ್ಣಿಗಿಂತ ಹಗುರ ಕೂಡ. ಬಾಲ್ಕನಿಯಲ್ಲಿ ಅದು ದೊಡ್ಡ ವಿಷಯ. ಒಂದು ಲೀಟರ್ ನೀರು ಅಂದರೆ 1 ಕಿಲೋ ತೂಕ. 20 ಲೀಟರಿನ ಕುಂಡ ನೀರು ಕುಡಿದು ಕೂತರೆ ನಿಮ್ಮ ಮನೆಯ ಪುಟ್ಟ ತಂಗಿಗಿಂತ ಭಾರ ಇರಬಹುದು. ಆದ್ದರಿಂದ ಕುಂಡಗಳು ನೆಲದ ಮೇಲೇ ಇರಲಿ, ಕಟಕಟೆಯ ಮೇಲೆ ಬೇಡ. ಕೆಳಗೆ ಜನ ಓಡಾಡುತ್ತಾರೆ.

ನೀರು ಯಾವಾಗ ಹಾಕಬೇಕು? ಗಡಿಯಾರ ಕೇಳಬೇಡಿ, ಬೆರಳು ಕೇಳಿ. ಎರಡು ಗೆಣ್ಣಿನಷ್ಟು ಬೆರಳು ಮಣ್ಣಿಗೆ ಇಳಿಸಿ. ತಣ್ಣಗೆ, ಒದ್ದೆಯಾಗಿದ್ದರೆ ಇವತ್ತು ಬೇಡ.

ಬಿಸಿಲಿಗೆ ಗೆರೆ ಎಳೆದೆವು

ಎರಡನೇ ಸಲ ಮೆಂತ್ಯ ಹಾಕಿದ್ದು ಡಿಸೆಂಬರಿನಲ್ಲಿ. ಜೊತೆಗೆ ಕೊತ್ತಂಬರಿ. ಡಬ್ಬಿಯ ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ನಾವು ಬೀಜ ಅನ್ನುವುದು ನಿಜವಾಗಿ ಒಣಗಿದ ಪುಟ್ಟ ಹಣ್ಣು, ಒಳಗೆ ಎರಡು ಬೀಜ ಇರುತ್ತವೆ. ಮೆಂತ್ಯ ಮೂರನೇ ದಿನಕ್ಕೇ ತಲೆ ಎತ್ತಿತು. ಕೊತ್ತಂಬರಿ ಹತ್ತು ದಿನ ಕಾಯಿಸಿತು.

ನಮ್ಮ ಬಾಲ್ಕನಿ ದಕ್ಷಿಣಕ್ಕೆ ಮುಖ ಮಾಡಿದೆ. ಮಧ್ಯಾಹ್ನದ ಬಿಸಿಲು ಎಲ್ಲಿವರೆಗೆ ಬರುತ್ತದೆ ಅಂತ ಪುಟ್ಟಿ ಪ್ರತಿ ತಿಂಗಳು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಡಿಸೆಂಬರಿನ ಗೆರೆ ಹಾಲಿನ ಹೊಸಿಲಿನ ಹತ್ತಿರವಿತ್ತು. ಫೆಬ್ರವರಿಯದು ಒಂದಷ್ಟು ಹಿಂದೆ. ಮಾರ್ಚಿನದು ಇನ್ನೂ ಹಿಂದೆ. ಏಪ್ರಿಲ್ ಕೊನೆಗೆ ಎಳೆಯಲು ಗೆರೆಯೇ ಇಲ್ಲ! ಸೆಖೆಗೆ ಮೈಯೆಲ್ಲ ಬೆವರು, ಬಾಲ್ಕನಿಯಲ್ಲಿ ಮಾತ್ರ ನೇರ ಬಿಸಿಲಿಲ್ಲ.

“ಬೇಸಿಗೆಯಲ್ಲೇ ಬಿಸಿಲು ಓಡಿಹೋಯಿತಾ ಅಜ್ಜಿ?”

ಬಿಸಿಲು ಎಲ್ಲಿಗೂ ಓಡಿಹೋಗಿಲ್ಲ, ನಮ್ಮ ತಲೆಯ ಮೇಲಕ್ಕೆ ಹತ್ತಿದೆ. ಭೂಮಿ ತುಸು ವಾಲಿಕೊಂಡು ಸೂರ್ಯನನ್ನು ಸುತ್ತುವುದರಿಂದ, ಮಧ್ಯಾಹ್ನದ ಸೂರ್ಯ ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಇಳಿದಿರುತ್ತಾನೆ, ಆಮೇಲೆ ದಿನದಿನಕ್ಕೂ ಉತ್ತರಕ್ಕೆ ಸರಿಯುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು, ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಬರುತ್ತಾನೆ. ಅವತ್ತು ತಾರಸಿಗೆ ಹೋಗಿ ನೀರಿನ ಬಾಟಲಿ ನಿಲ್ಲಿಸಿ ನೋಡಿದೆವು. ನೆರಳು ಕುಗ್ಗಿ ಕುಗ್ಗಿ ಬಾಟಲಿಯ ಅಡಿಗೇ ಸೇರಿಕೊಂಡಿತು. ಇದೇ ಶೂನ್ಯ ನೆರಳಿನ ದಿನ. ಕರ್ನಾಟಕದ ಪ್ರತಿ ಊರಿಗೂ ವರ್ಷಕ್ಕೆ ಎರಡು ಸಲ ಇಂಥ ದಿನ ಬರುತ್ತದೆ, ಊರೂರಿಗೆ ತಾರೀಕು ಬೇರೆ. ಬೆಂಗಳೂರಿಗೆ ಎರಡನೆಯದು ಆಗಸ್ಟ್ 18ರ ಸುಮಾರಿಗೆ. ಈ ಎರಡು ದಿನಗಳ ನಡುವೆ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಆಗ ಬಿಸಿಲು ಉತ್ತರದ ಬಾಲ್ಕನಿಯವರ ಪಾಲು.

ಹಿತ್ತಲಿಗೆ ಸೂರು ಇರಲಿಲ್ಲ, ಅದಕ್ಕೇ ಇದು ನನಗೆ ತಿಳಿದೇ ಇರಲಿಲ್ಲ. ನಿಮ್ಮ ಬಾಲ್ಕನಿಗೂ ಗೆರೆ ಎಳೆಯಿರಿ. ಐದಾರು ಗಂಟೆ ಬಿಸಿಲು ಬೀಳುವ ತಿಂಗಳಲ್ಲಿ ಟೊಮೆಟೊ, ಮೆಣಸಿನಕಾಯಿ. ಬಿಸಿಲು ಕಡಿಮೆಯಾದಾಗ ಪುದೀನ, ದೊಡ್ಡಪತ್ರೆ. ಇವೆರಡಕ್ಕೆ ಬೀಜವೂ ಬೇಡ, ಕಡ್ಡಿ ಸಾಕು. ಅಡುಗೆಗೆ ತಂದ ಪುದೀನದ ಕಡ್ಡಿಯನ್ನು ನೀರಿನ ಲೋಟದಲ್ಲಿ ಇಟ್ಟರೆ ಗೆಣ್ಣಿನಿಂದ ಬಿಳಿ ಬೇರು ಇಳಿಯುವುದನ್ನು ಕಣ್ಣಾರೆ ನೋಡಬಹುದು.

ಸೊಪ್ಪು ಎಲ್ಲಿಂದ ಬಂತು?

ಜನವರಿಯಲ್ಲಿ ಮೆಂತ್ಯದ ಸೊಪ್ಪು ಕಿತ್ತು ಪಲ್ಯ ಮಾಡಿದೆವು. ಖಾಲಿ ಕುಂಡ ನೋಡುತ್ತ ಪುಟ್ಟಿ ಕೇಳಿದಳು: “ಇಷ್ಟೊಂದು ಸೊಪ್ಪು ಬಂತಲ್ಲ ಅಜ್ಜಿ, ಮಣ್ಣು ಮಾತ್ರ ಕಮ್ಮಿಯೇ ಆಗಿಲ್ಲ!”

ಇದೇ ಪ್ರಶ್ನೆ ಸುಮಾರು 400 ವರ್ಷಗಳ ಹಿಂದೆ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಅನ್ನುವವರನ್ನು ಕಾಡಿತ್ತು. ಅವರು ಈಗಿನ ಬೆಲ್ಜಿಯಂ ದೇಶದವರು. ಒಂದು ದೊಡ್ಡ ಕುಂಡಕ್ಕೆ 200 ಪೌಂಡ್ (ಸುಮಾರು 90 ಕಿಲೋ) ಒಣಮಣ್ಣು ತುಂಬಿ, 5 ಪೌಂಡ್ ತೂಗುವ ಒಂದು ವಿಲ್ಲೋ ಗಿಡ ನೆಟ್ಟರು. ಐದು ವರ್ಷ ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಆಮೇಲೆ ತೂಗಿದರೆ ಗಿಡ 169 ಪೌಂಡ್ ಆಗಿತ್ತು. ಮಣ್ಣು ಒಣಗಿಸಿ ತೂಗಿದರೆ ಕಡಿಮೆಯಾದದ್ದು ಬರೀ 2 ಔನ್ಸ್, ಒಂದು ಹಿಡಿಯಷ್ಟು! ಹಾಗಾದರೆ ಗಿಡ ಆದದ್ದು ನೀರಿನಿಂದಲೇ ಅಂತ ಅವರು ತೀರ್ಮಾನಿಸಿದರು. ಅವರು ತೀರಿಕೊಂಡ ಮೇಲೆ, 1648ರಲ್ಲಿ, ಈ ಬರಹ ಅಚ್ಚಾಯಿತು.

ಅರ್ಧ ಸರಿ, ಅರ್ಧ ತಪ್ಪು. ಹಸಿ ಸೊಪ್ಪಿನ ಬಹುಪಾಲು ನೀರೇ ನಿಜ. ಆದರೆ ಒಣಗಿಸಿದ ಮೇಲೂ ಉಳಿಯುವ ಮೈ ಎಲ್ಲಿಂದ ಬಂತು? ಅದರ ಸುಳಿವು ಸಿಕ್ಕಿದ್ದು ನಮ್ಮ ಪುದೀನದ ನೆಂಟನಿಂದ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಆರಿಹೋದ ಮುಚ್ಚಿದ ಪಾತ್ರೆಯ ಗಾಳಿಯೊಳಗೆ ಪುದೀನದ ಜಾತಿಯ ಒಂದು ಕಡ್ಡಿ ಇಟ್ಟರು. ಹತ್ತು ದಿನ ಬಿಟ್ಟು ನೋಡಿದರೆ ಆ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಗಿಡಕ್ಕೂ ಗಾಳಿಗೂ ಏನೋ ಕೊಡುಕೊಳ್ಳುವಿಕೆ ಇದೆ! 1779ರಲ್ಲಿ ಇನ್ನೊಬ್ಬ ವಿಜ್ಞಾನಿ ಯಾನ್ ಇಂಗೆನ್‌ಹೌಸ್, ಗಾಳಿಯನ್ನು ಸರಿಮಾಡುವ ಆ ಕೆಲಸ ಬೆಳಕಿದ್ದರೆ ಮಾತ್ರ, ಗಿಡದ ಹಸಿರು ಭಾಗದಲ್ಲಿ ಮಾತ್ರ ನಡೆಯುತ್ತದೆ ಅಂತ ತೋರಿಸಿದರು. ಎಲೆ ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ತೆಗೆದುಕೊಂಡು, ನೀರು ಸೇರಿಸಿ, ಬಿಸಿಲಿನ ಬಲದಿಂದ ಸಕ್ಕರೆ ಮಾಡಿಕೊಳ್ಳುತ್ತದೆ, ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ನೀವು ತಿಂದ ಮೆಂತ್ಯದ ಪಲ್ಯದ ಮೈ ಹೆಚ್ಚಾಗಿ ಗಾಳಿಯಿಂದ ಬಂದದ್ದು.

“ಹಾಗಾದರೆ ಗೊಬ್ಬರ ಯಾಕೆ?” ಪುಟ್ಟಿ ಬಿಡುವವಳಲ್ಲ. ಆ 2 ಔನ್ಸಿಗಾಗಿ! ಸಾರಿಗೆ ಉಪ್ಪು ಎಷ್ಟು ಹಾಕುತ್ತೇವೆ? ಒಂದು ಚಿಟಿಕೆ. ಇಲ್ಲದಿದ್ದರೆ ಸಾರು ಬಾಯಿಗಿಡಲು ಆಗುತ್ತದಾ? ಸಾರಜನಕ, ರಂಜಕ, ಪೊಟ್ಯಾಷ್ ಗಿಡಕ್ಕೆ ಹಾಗೆ. ಹಿತ್ತಲಲ್ಲಿ ಉದುರಿದ ಎಲೆ ಅಲ್ಲೇ ಕೊಳೆತು ಅವನ್ನು ನೆಲಕ್ಕೆ ಮರಳಿಸುತ್ತಿತ್ತು. ಕುಂಡದಲ್ಲಿ ನೀರಿನ ಜೊತೆ ತೂತಿನಿಂದ ಸೋರಿ ಹೋಗುತ್ತವೆ. ತಿಂಗಳಿಗೊಂದು ಹಿಡಿ ಗೊಬ್ಬರ ಹಾಕುವುದು ಅದಕ್ಕೆ.

ಕರೆಯದೆ ಬಂದವರು

ಫೆಬ್ರವರಿಯಲ್ಲಿ ಟೊಮೆಟೊ ಹೂ ಬಿಟ್ಟಿತು, ಕಾಯಿ ಕಚ್ಚಲಿಲ್ಲ. ಟೊಮೆಟೊ ಹೂವಿನ ಪರಾಗ ಸಣ್ಣ ಕೊಳವೆಯೊಳಗೆ ಇರುತ್ತದೆ, ಅಲುಗಾಡಿಸಿದರೆ ಉದುರುತ್ತದೆ. ನೀಲಿ ಪಟ್ಟೆಯ ಒಂದು ಜಾತಿಯ ದುಂಬಿ ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಮೈಯನ್ನೇ ಗುಂಯ್‌ಗುಡಿಸಿ ಅದನ್ನು ಉದುರಿಸಿಕೊಳ್ಳುತ್ತದೆ. ನಾಲ್ಕನೇ ಮಹಡಿಯಲ್ಲಿ ಅದು ಕಾಣಲಿಲ್ಲ. ದುಂಬಿಯ ಕೆಲಸ ಪುಟ್ಟಿಯೇ ವಹಿಸಿಕೊಂಡಳು. ದಿನಾ ಬೆಳಿಗ್ಗೆ ಹೂಗೊಂಚಲಿನ ತೊಟ್ಟಿಗೆ ಬೆರಳಲ್ಲಿ ಮೆಲ್ಲಗೆ ಚಿಟಿಕೆ ಹೊಡೆದಳು. ಎರಡು ವಾರದಲ್ಲಿ ಹಸಿರು ಗೋಲಿಗಳು ಕಂಡವು.

ನೆಲದ ಕೆಲಸ, ಎರೆಹುಳುವಿನ ಕೆಲಸ, ದುಂಬಿಯ ಕೆಲಸ ಎಲ್ಲ ನಾವೇ ಕಲಿತೆವು ಅಂತ ಬೀಗುತ್ತಿದ್ದಾಗ ನಮ್ಮ ಕುಂಡದ ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು. ಒರೆಸಲು ಹೋದರೆ ಹಿಕ್ಕೆ ಎಲೆ ತಿನ್ನುತ್ತಿತ್ತು!

ಅದು ಕಾಮನ್ ಮಾರ್ಮನ್ ಅನ್ನುವ ಚಿಟ್ಟೆಯ ಮರಿಹುಳು. ಹಕ್ಕಿಗಳು ಹಿಕ್ಕೆ ತಿನ್ನುವುದಿಲ್ಲವಲ್ಲ, ಆದ್ದರಿಂದ ಚಿಕ್ಕಂದಿನಲ್ಲಿ ಅದಕ್ಕೆ ಆ ವೇಷ. ದೊಡ್ಡದಾದ ಮೇಲೆ ಎಲೆಯಂತೆ ಹಸಿರಾಯಿತು. ಪುಟ್ಟಿ ಕಡ್ಡಿಯಿಂದ ಮುಟ್ಟಿದಾಗ ತಲೆಯ ಹಿಂದಿನಿಂದ ಕೆಂಪನೆಯ ಎರಡು ಕೊಂಬು ಹೊರಗೆ ಬಂದು ಗಬ್ಬು ವಾಸನೆ ಹೊಡೆಯಿತು. ಊರಲ್ಲಾಗಿದ್ದರೆ ನಾನು ಕಿತ್ತು ಎಸೆಯುತ್ತಿದ್ದೆ. ಇಲ್ಲಿ ಎಸೆಯಲು ಪುಟ್ಟಿ ಬಿಡಲಿಲ್ಲ. ಅದು ಗಿಡದ ಕಡ್ಡಿಗೆ ರೇಷ್ಮೆಯ ನಡುಪಟ್ಟಿ ಕಟ್ಟಿಕೊಂಡು ಕೋಶವಾಯಿತು. ಹತ್ತು ದಿನದ ಮೇಲೆ ಕರಿ ರೆಕ್ಕೆಯ, ಬಿಳಿ ಚುಕ್ಕೆ ಸಾಲಿನ ಚಿಟ್ಟೆ ಹೊರಬಂದು, ರೆಕ್ಕೆ ಒಣಗಿಸಿಕೊಂಡು ಹಾರಿತು.

ಇಷ್ಟು ಎತ್ತರದಲ್ಲಿ ಕರಿಬೇವಿದೆ ಅಂತ ತಾಯಿಚಿಟ್ಟೆಗೆ ಯಾರು ಹೇಳಿದರು? ಚಿಟ್ಟೆಗೆ ಕಾಲಿನಲ್ಲೇ ರುಚಿ ತಿಳಿಯುತ್ತದೆ. ಎಲೆಯ ಮೇಲೆ ಇಳಿದು ಮುಂಗಾಲಿನಿಂದ ತಟ್ಟಿ, ಇದು ನನ್ನ ಮಕ್ಕಳ ಊಟ ಹೌದೋ ಅಲ್ಲವೋ ಅಂತ ನೋಡಿ, ಆಮೇಲೆ ಒಂದು ಮೊಟ್ಟೆ ಇಡುತ್ತದೆ. ಅದಕ್ಕೆ ಇದು ನಾಲ್ಕನೇ ಮಹಡಿಯಲ್ಲ, ಒಂದು ಕರಿಬೇವಿನ ಗಿಡ, ಅಷ್ಟೆ.

ಮೊನ್ನೆ ಸೊಸೆ ಒಗ್ಗರಣೆಗೆ ಕರಿಬೇವು ಕೇಳಿದಳು. ಪುಟ್ಟಿ ಒಂದೊಂದೇ ಎಲೆ ತಿರುಗಿಸಿ ನೋಡಿ, ಮೊಟ್ಟೆಯಿಲ್ಲದ ಎರಡು ಕಡ್ಡಿ ಕಿತ್ತು ತಂದಳು.

“ಇಷ್ಟೇನೇ?” ಅಂದಳು ಸೊಸೆ.

“ಅಷ್ಟು ದೂರ ಹಾರಿ ಬಂದವರಿಗೂ ಊಟ ಹಾಕಬೇಕಲ್ಲಮ್ಮ!”